ದನದ ಆಸ್ಪತ್ರೆಯ ಬಾಗಿಲಲ್ಲಿ ಕುಳಿತವರು

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಡಾಕ್ಟರು, ಸೂಜಿ, ಔಷಧಿಯ ಸೀಸೆ. ದನದ ಆಸ್ಪತ್ರೆ ಎಂದರೂ ಅಷ್ಟೆ. ಆದರೆ ಡಾಕ್ಟರ ಕೈ ದನದ ಮೈಮೇಲೆ ಬೀಳುವುದಕ್ಕೆ ಮುಂಚೆ ಇನ್ನೊಬ್ಬರ ಪ್ರಶ್ನೆ ದನದ ಒಡೆಯನ ಕಿವಿಗೆ ಬಿದ್ದಿರುತ್ತದೆ. “ಏನಾಗಿದೆ? ಯಾವತ್ತಿನಿಂದ? ಮೇವು ಮುಟ್ಟಿದೆಯೇ? ಮೆಲುಕು ಹಾಕುತ್ತಿದೆಯೇ?” ಹೀಗೆ ಕೇಳಿ ಪುಸ್ತಕದಲ್ಲಿ ಹೆಸರು ಬರೆಯುವವರು, ಯಾರು ಮೊದಲು ಯಾರು ಆಮೇಲೆ ಎಂದು ಸಾಲು ನಿಲ್ಲಿಸುವವರು, ಹೊರಗೆ ಹೋದ ಡಾಕ್ಟರಿಗೆ ಸುದ್ದಿ ಮುಟ್ಟಿಸುವವರು ಯಾರು? ಅವರ ಹುದ್ದೆಯ ಹೆಸರೇನು? ಈ ಕೆಲಸವನ್ನು ಅವರಿಗೆ ಕಲಿಸಿದವರು ಯಾರು? ಬೆಂಗಳೂರಿನಲ್ಲಿ ನಾಯಿ ಬೆಕ್ಕುಗಳ ಖಾಸಗಿ ಆಸ್ಪತ್ರೆಗಳಿವೆ. ಅಲ್ಲಿ ಈ ಕೆಲಸಕ್ಕೆ ರಿಸೆಪ್ಷನಿಸ್ಟ್ ಎಂಬ ಹೆಸರಾದರೂ ಇದೆ. ನೊಣವಿನಕೆರೆಯಂಥ ಹೋಬಳಿ ಊರುಗಳಲ್ಲಿ ಕೆಲಸವಿದೆ, ಹೆಸರಿಲ್ಲ. ಹೆಸರಿಲ್ಲದ ಕೆಲಸಕ್ಕೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಈ ಅನ್ಯಾಯದ ಬೆಲೆಯನ್ನು ಕಡೆಗೆ ತೆರುವುದು ನಮ್ಮ ಕೊಟ್ಟಿಗೆಯ ಹಸು.

ಇದು ರೈತರ ಮಾತು, ಗಿರಣಿಯಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟವರಿಗೂ ಇದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ತೆಂಗಿನ ಸೀಮೆಯ ಬದುಕನ್ನು ಬಲ್ಲವರು ಹಾಗೆ ಕೇಳಲಾರರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿಗೆ ಹೆಸರು ದೊಡ್ಡದು. ಆದರೆ ಕಾಯಿಯನ್ನು ಅಟ್ಟಕ್ಕೆ ಏರಿಸಿದ ಮೇಲೆ ಅದು ಕೊಬ್ಬರಿಯಾಗಿ ಕೆಳಗಿಳಿಯುವುದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ದಿನ ಮನೆಯ ಒಲೆ ಉರಿಯುವುದು ಯಾವುದರಿಂದ? ಹಾಲಿನ ಡೈರಿಯ ಬಟವಾಡೆಯಿಂದ. ತೋಟವಿದ್ದವನ ಪಾಡೇ ಇದಾದರೆ, ತೋಟವಿಲ್ಲದೆ ಎಣ್ಣೆ ಗಿರಣಿಯಲ್ಲೋ ಕೊಬ್ಬರಿ ಪುಡಿಯ ಕಾರ್ಖಾನೆಯಲ್ಲೋ ಕೂಲಿ ಮಾಡುವವರ ಪಾಡನ್ನು ಬೇರೆ ಹೇಳಬೇಕೆ? ಹಿತ್ತಲಲ್ಲಿ ಕಟ್ಟಿದ ಒಂದು ಸೀಮೆಹಸು ಆ ಮನೆಯ ಎರಡನೆಯ ಸಂಬಳ. ಅಂಗಡಿಯವನು ಬೂಸಾ, ಹಿಂಡಿ, ಅಕ್ಕಿ, ಬೇಳೆ ಸಾಲ ಕೊಡುವುದೂ ಆ ಹಸುವನ್ನು ನಂಬಿಯೇ. ಹಸು ಬಿದ್ದರೆ ಮನೆಯ ಲೆಕ್ಕ, ಅಂಗಡಿಯ ಲೆಕ್ಕ, ಸಂಘದ ಸಾಲದ ಲೆಕ್ಕ ಮೂರೂ ಒಟ್ಟಿಗೆ ಬೀಳುತ್ತವೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ತುಂಬ ಹಬ್ಬಿದಾಗ, ಸತ್ತ ಹಸುವಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000 ಎಂದು ಸರ್ಕಾರ ಪರಿಹಾರ ಗೊತ್ತುಮಾಡಿತು. ಕೊಟ್ಟದ್ದು ಒಳ್ಳೆಯದೇ. ಆದರೆ 20,000ಕ್ಕೆ ಹಾಲು ಕರೆಯುವ ಸೀಮೆಹಸು ಯಾವ ಸಂತೆಯಲ್ಲಿ ಸಿಕ್ಕೀತು? ಸತ್ತ ಮೇಲೆ ಬರುವ ದುಡ್ಡಿಗಿಂತ ಸಾಯದಂತೆ ನೋಡಿಕೊಳ್ಳುವ ಏರ್ಪಾಡು ದೊಡ್ಡದು. ಆ ಏರ್ಪಾಡಿನ ಮೊದಲ ಮೆಟ್ಟಿಲೇ ಆಸ್ಪತ್ರೆಯ ಬಾಗಿಲು.

ಈ ಬಾಗಿಲಿನ ಕೆಲಸ ಎಂಥದು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮನುಷ್ಯರ ಆಸ್ಪತ್ರೆಯಲ್ಲಿ ರೋಗಿ ತನ್ನ ನೋವನ್ನು ತಾನೇ ಹೇಳುತ್ತಾನೆ. ಇಲ್ಲಿ ರೋಗಿಗೆ ಬಾಯಿಲ್ಲ. ಬಾಯಿ ಇರುವ ಒಡೆಯ ಗಾಬರಿಯಲ್ಲಿರುತ್ತಾನೆ. ಮುಖ್ಯವಾದದ್ದನ್ನು ಬಿಟ್ಟು ಬೇರೆಯದನ್ನೆಲ್ಲ ಹೇಳುತ್ತಾನೆ. ಅವನಿಂದ ಬೇಕಾದ ಮಾತನ್ನು ಹೊರಡಿಸುವುದು ಒಂದು ವಿದ್ಯೆ.

“ಹಸು ಬೆದೆಗೆ ಬಂದಿದೆ” ಎಂದು ಒಬ್ಬ ಬರುತ್ತಾನೆ. ಬರೆದುಕೊಂಡು ಕಳಿಸಿದರೆ ಸಾಲದು, ಯಾವ ಹೊತ್ತಿನಲ್ಲಿ ಬೆದೆ ಕಾಣಿಸಿತು ಎಂದು ಕೇಳಬೇಕು. ಬೆಳಿಗ್ಗೆ ಕಂಡದ್ದಕ್ಕೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬುದು ಗೊತ್ತಿರುವ ಕ್ರಮ. ಹೊತ್ತು ತಪ್ಪಿದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ಆ 21 ದಿನದ ಮೇವು, ಹಿಂಡಿ, ಕೂಲಿ ಎಲ್ಲ ಒಡೆಯನ ತಲೆಯ ಮೇಲೆ.

“ಕರು ಹಾಕಿ ಎರಡು ದಿನವಾಯಿತು, ಹಸು ಮಲಗಿದ್ದು ಏಳುತ್ತಿಲ್ಲ” ಎಂದು ಇನ್ನೊಬ್ಬ ಬರುತ್ತಾನೆ. ಕತ್ತನ್ನು ಪಕ್ಕೆಗೆ ಹೊರಳಿಸಿಕೊಂಡು ಮಲಗಿದೆಯೇ, ಕಿವಿ ತಣ್ಣಗಾಗಿದೆಯೇ ಎಂದು ಕೇಳಬಲ್ಲವರಿಗೆ ಇದು ಹಾಲುಜ್ವರವಿರಬಹುದೆಂಬ ಗುಮಾನಿ ಬರುತ್ತದೆ. ಹೆಸರು ಜ್ವರವಾದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಏರಿಸಿದರೆ ಎದ್ದು ನಿಲ್ಲುವ ಹಸು, ತಡವಾದರೆ ಏಳುವುದೇ ಇಲ್ಲ. “ಎಡಪಕ್ಕೆ ಡೋಲಿನಂತೆ ಉಬ್ಬಿದೆ” ಎಂದರೂ “ಎಳೆ ಜೋಳದ ಪೈರು ಮೇಯ್ದು ಬಿದ್ದಿದೆ” ಎಂದರೂ ಹಾಗೆಯೇ, ಅವರನ್ನು ಸಾಲಿನಲ್ಲಿ ಕಾಯಿಸಲಾಗದು. ಜಂತುಹುಳುವಿನ ಔಷಧಿಗೆ ಬಂದವನು ಮೊದಲು ಬಂದಿದ್ದರೂ ಅವನನ್ನು ಕೂರಿಸಿ ಇವನನ್ನು ಮುಂದೆ ಕಳಿಸಬೇಕು. ಹಾಗೆ ಮಾಡಿದ್ದಕ್ಕೆ ಅವನಿಂದ ಬೈಗುಳವನ್ನೂ ತಿನ್ನಬೇಕು.

ಇನ್ನು ಪ್ರಾಣಕ್ಕೇ ಬರುವ ಪ್ರಶ್ನೆ. “ಹಸು ಜೊಲ್ಲು ಸುರಿಸುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕು, ಕೈ ಹಾಕಿ ನೋಡಿದೆ, ಸಿಗಲಿಲ್ಲ” ಎಂದು ಒಡೆಯ ಹೇಳುತ್ತಾನೆ. ಆಗ ಬಾಗಿಲಲ್ಲಿ ಕುಳಿತವನು “ಈಚೆಗೆ ನಾಯಿ ಏನಾದರೂ ಕಚ್ಚಿತ್ತೇ?” ಎಂದು ಕೇಳದಿದ್ದರೆ ಕೆಟ್ಟಿತು. ಹುಚ್ಚುನಾಯಿ ರೋಗ ಹತ್ತಿದ ದನ ಎಷ್ಟೋ ವೇಳೆ ಗಂಟಲು ಕಟ್ಟಿದಂತೆಯೇ ಕಾಣುತ್ತದೆ. ಆ ಜೊಲ್ಲು ಕೈಯ ಗಾಯಕ್ಕೆ ಸೋಕಿದರೆ ಮನುಷ್ಯನಿಗೂ ರೋಗ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. “ಮೊದಲು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಕೈ ತೊಳೆ, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೋ” ಎಂಬ ಆ ಒಂದು ಮಾತಿನಿಂದ ಒಂದು ಸಂಸಾರ ಉಳಿಯುತ್ತದೆ. ಹಾಗೆಯೇ “ದನ ಇದ್ದಕ್ಕಿದ್ದಂತೆ ಸತ್ತಿತು, ಮೂಗಿನಲ್ಲಿ ಕಪ್ಪು ರಕ್ತ ಬಂದು ಹೆಪ್ಪುಗಟ್ಟಲಿಲ್ಲ” ಎಂದವನಿಗೆ “ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಡಾಕ್ಟರು ಬರುವವರೆಗೆ ಯಾರೂ ಮುಟ್ಟಬೇಡಿ” ಎಂದು ಹೇಳುವುದೂ ಬಾಗಿಲಿನವರ ಪಾಲಿಗೇ ಬರುತ್ತದೆ. ಅದು ನೆರಡಿ ರೋಗವಾಗಿದ್ದರೆ, ಕೊಯ್ದ ಹೆಣದಿಂದ ಮಣ್ಣಿಗೆ ಬಿದ್ದ ವಿಷಬೀಜ ವರ್ಷಗಟ್ಟಲೆ ಸಾಯುವುದಿಲ್ಲ.

ಇಷ್ಟು ತೂಕದ ಕೆಲಸಕ್ಕೆ ನಮ್ಮಲ್ಲಿರುವ ಏರ್ಪಾಡೇನು? ಡಾಕ್ಟರನ್ನು ತಯಾರು ಮಾಡಲು ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ. ಅವರ ಕೈಕೆಳಗಿನ ಕೆಲಸಕ್ಕೆ ಡಿಪ್ಲೊಮಾ ಕಲಿಸಲು ನಮ್ಮ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೇ ಪಶುಸಂಗೋಪನಾ ಪಾಲಿಟೆಕ್ನಿಕ್ ಇದೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆ ಯಾರು ಚಿಕಿತ್ಸೆ ಮಾಡಬಹುದು, ಡಾಕ್ಟರ ಮೇಲ್ವಿಚಾರಣೆಯಲ್ಲಿ ಯಾರು ಸಣ್ಣಪುಟ್ಟ ಸೇವೆ ಮಾಡಬಹುದು ಎಂದು ಗೆರೆ ಎಳೆದಿದೆ. ಆ ಗೆರೆಯ ಈಚೆ, ಮೇಜಿನ ಮುಂದೆ ಕುಳಿತು ಮೊದಲ ಮಾತು ಕೇಳುವವರ ಸುದ್ದಿಯೇ ಇಲ್ಲ. ಆ ಜಾಗದಲ್ಲಿ ಸಾಮಾನ್ಯವಾಗಿ ಕುಳಿತಿರುವವರು ಡಿ ದರ್ಜೆಯ ನೌಕರರು. ಹಲವೆಡೆ ಅವರೂ ಕಾಯಂ ಅಲ್ಲ, ಹೊರಗುತ್ತಿಗೆಯವರು. ಕಾಗದದಲ್ಲಿ ಅವರ ಕೆಲಸ ಕಸ ಗುಡಿಸುವುದು, ದನ ಹಿಡಿಯುವುದು, ಪಾತ್ರೆ ತೊಳೆಯುವುದು. ನಿಜದಲ್ಲಿ ಅವರೇ ಗುಮಾಸ್ತರು, ಅವರೇ ದೂರವಾಣಿ, ಅವರೇ ಪೊಲೀಸು, ಅವರೇ ಸಮಾಧಾನ ಹೇಳುವ ನೆಂಟರು.

ನಾನು ಮೇಷ್ಟರಾಗಿದ್ದಾಗ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ಊರಿನ ಹೆಸರು ಬೇಡ. ಕಾಯಿ ಸುಲಿಯುವ ಕೆಲಸದ ಹೆಂಗಸೊಬ್ಬಳು ಹೊಟ್ಟೆ ಉಬ್ಬಿದ ಹಸುವನ್ನು ನಾಲ್ಕು ಕಿಲೋಮೀಟರು ನಡೆಸಿಕೊಂಡು ಬಂದಿದ್ದಳು. ಡಾಕ್ಟರು ಲಸಿಕೆ ಹಾಕಲು ಬೇರೆ ಹಳ್ಳಿಗೆ ಹೋಗಿದ್ದರು. ಇದ್ದವನು ಒಬ್ಬ ಹೊರಗುತ್ತಿಗೆಯ ಆಳು. “ಅಣ್ಣಾ, ಎಣ್ಣೆ ತಂದಿದೀನಿ, ಕುಡಿಸಿಬಿಡ್ಲಾ?” ಎಂದು ಆಕೆ ಕೇಳಿದಳು. “ಬೇಡ ಕಣಕ್ಕಾ, ಗಾಬ್ರೀಲಿ ಹೊಯ್ದರೆ ಶ್ವಾಸಕ್ಕೆ ಹೋಗ್ತದೆ. ಮುಂಗಾಲು ದಿಬ್ಬದ ಮೇಲೆ ಇರೋ ಹಂಗೆ ನಿಲ್ಸು” ಎಂದು ಹೇಳಿ, ತನ್ನ ಮೊಬೈಲಿನಿಂದ ಡಾಕ್ಟರಿಗೆ ಫೋನು ಮಾಡಿದ. ಯಾವ ಪಕ್ಕೆ ಉಬ್ಬಿದೆ, ಎಷ್ಟು ಹೊತ್ತಾಯಿತು, ಏನು ಮೇಯ್ದಿತ್ತು ಎಂಬ ಮೂರೇ ಮಾತಿನಲ್ಲಿ ವಿಷಯ ಮುಟ್ಟಿಸಿದ. ಡಾಕ್ಟರು ಇದ್ದ ಕೆಲಸ ಬಿಟ್ಟು ಮುಕ್ಕಾಲು ಗಂಟೆಯಲ್ಲಿ ಬಂದರು. ಹಸು ಉಳಿಯಿತು. ಪುಸ್ತಕದಲ್ಲಿ ರೋಗದ ಹೆಸರು, ಕೊಟ್ಟ ಔಷಧಿ, ಡಾಕ್ಟರ ರುಜು ಎಲ್ಲ ದಾಖಲಾಯಿತು. ಆ ಫೋನು ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ. ಮಾಡಿದವನಿಗೆ ಆಗ ಎರಡು ತಿಂಗಳ ಸಂಬಳ ಬಂದಿರಲಿಲ್ಲ. ಆ ದಿನ ಅವನ ಜಾಗದಲ್ಲಿ ಏನೂ ತಿಳಿಯದ ಇನ್ನೊಬ್ಬ ಕುಳಿತಿದ್ದರೆ “ಡಾಕ್ಟರಿಲ್ಲ, ನಾಳೆ ಬಾ” ಎನ್ನುತ್ತಿದ್ದ. ಹಾಗೆಂದಿದ್ದರೆ ಯಾವ ಕಾನೂನಿನ ಪ್ರಕಾರವೂ ಅವನು ತಪ್ಪು ಮಾಡಿದಂತಾಗುತ್ತಿರಲಿಲ್ಲ. ನಮ್ಮ ಏರ್ಪಾಡಿನ ದೋಷ ಅಲ್ಲಿದೆ. ಒಳ್ಳೆಯವನು ಕುಳಿತರೆ ಹಸು ಬದುಕುವುದು, ಅಲ್ಲದವನು ಕುಳಿತರೆ ಸಾಯುವುದು ಎಂದರೆ ಅದು ಅದೃಷ್ಟವೇ ಹೊರತು ಏರ್ಪಾಡಲ್ಲ.

“ಡಾಕ್ಟರೇ ಸಾಲದಿರುವಾಗ ಬಾಗಿಲಿನವರ ಮಾತೇಕೆ?” ಎಂದು ಬಲ್ಲವರು ಆಕ್ಷೇಪಿಸಬಹುದು. ಡಾಕ್ಟರು ಸಾಲದೆಂಬುದು ನಿಜ. ಐದು ಸಾವಿರ ದನಗಳ ಘಟಕಕ್ಕೆ ಒಬ್ಬ ಪಶುವೈದ್ಯ ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. 2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ದನಗಳೇ 84 ಲಕ್ಷಕ್ಕೂ ಮೇಲೆ, ಎಮ್ಮೆಗಳು ಹತ್ತಿರಹತ್ತಿರ 30 ಲಕ್ಷ, ಕುರಿಗಳು ಒಂದು ಕೋಟಿ ಹತ್ತು ಲಕ್ಷ. ಖಾಲಿ ಹುದ್ದೆಗಳನ್ನು ತುಂಬಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಕ್ಟರು ಕಡಿಮೆಯಾದಷ್ಟೂ ಬಾಗಿಲಿನ ಕೆಲಸದ ತೂಕ ಹೆಚ್ಚುತ್ತದೆ. ಇರುವ ಒಬ್ಬ ಡಾಕ್ಟರ ಹೊತ್ತನ್ನು ಯಾವ ಹಳ್ಳಿಗೆ, ಯಾವ ದನಕ್ಕೆ ಮೊದಲು ಕೊಡಬೇಕು ಎಂಬುದು ತಿಳಿದವರ ಕೈಯಲ್ಲಿರಬೇಕು. ಕೊಬ್ಬರಿ ಮಾರುಕಟ್ಟೆಯನ್ನೇ ನೋಡಿ. ಅಲ್ಲಿ ತೂಕದವನಿಗೆ ಲೈಸೆನ್ಸು, ಹಮಾಲನಿಗೆ ಲೈಸೆನ್ಸು. ತೂಕದಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೆ ಕೇಳುವುದಕ್ಕೆ ಜನವಿದ್ದಾರೆ. ಒಂದು ಕಿಲೋ ಕೊಬ್ಬರಿಗೆ ಇರುವ ಕಾವಲು ಒಂದು ಹಸುವಿನ ಪ್ರಾಣಕ್ಕೆ ಬೇಡವೆ?

ಇನ್ನೊಂದು ಆಕ್ಷೇಪವೂ ಉಂಟು. “ದೇವರು ಕೊಟ್ಟರೂ ಪೂಜಾರಿ ಕೊಡ. ಬಾಗಿಲಲ್ಲಿ ಕುಳಿತವರೇ ದೊಡ್ಡ ಡಾಕ್ಟರಾಗುತ್ತಾರೆ, ಐವತ್ತು ನೂರು ಕೇಳುತ್ತಾರೆ, ಬಡವರನ್ನು ಗದರಿಸುತ್ತಾರೆ” ಎನ್ನುವವರಿದ್ದಾರೆ. ಅಂಥವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹುದ್ದೆಯೇ ಇಲ್ಲದವನನ್ನು ಯಾರ ಮುಂದೆ, ಯಾವ ನಿಯಮದ ಮೇಲೆ ಹೊಣೆ ಮಾಡುತ್ತೀರಿ? ಎದೆಯ ಮೇಲೆ ಹೆಸರಿನ ಪಟ್ಟಿ, ಗೋಡೆಯ ಮೇಲೆ ಸೇವೆಯ ದರಪಟ್ಟಿ, ಕೈಯಲ್ಲಿ ನೇಮಕಾತಿ ಪತ್ರ ಇದ್ದವನ ಮೇಲೆ ದೂರು ಕೊಡಬಹುದು. ಹೆಸರಿಲ್ಲದವನ ಮೇಲೆ ಗೊಣಗಬಹುದು, ಅಷ್ಟೆ. ಸಂಬಳ ಸರಿಯಾಗಿ ಕೊಡದೆ ಪ್ರಾಮಾಣಿಕತೆಯನ್ನು ಮಾತ್ರ ಪೂರ್ತಿ ಕೇಳುವುದು ನ್ಯಾಯವೂ ಅಲ್ಲ.

ಈಗ ಸರ್ಕಾರ 1962 ಎಂಬ ದೂರವಾಣಿ ಸಂಖ್ಯೆಯನ್ನೂ ಸಂಚಾರಿ ಪಶುಚಿಕಿತ್ಸಾ ವಾಹನಗಳನ್ನೂ ಏರ್ಪಡಿಸಿದೆ. ಲಕ್ಷ ಜಾನುವಾರಿಗೆ ಒಂದು ವಾಹನ ಎಂಬುದು ಯೋಜನೆಯ ಲೆಕ್ಕ. ನಮ್ಮ ರಾಜ್ಯಕ್ಕೆ ಮಂಜೂರಾದವು 275. ವಾಹನದಲ್ಲಿ ಡಾಕ್ಟರು, ಸಹಾಯಕ, ಚಾಲಕ ಇರುತ್ತಾರೆ. ಹಾಲು ಹಾಕುವ ಪ್ರತಿಯೊಬ್ಬರೂ ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಇಲ್ಲಿಯೂ ಮೊದಲು ಸಿಗುವುದು ಒಂದು ದನಿ. ಆ ದನಿಯೇ ಇಲ್ಲಿ ಆಸ್ಪತ್ರೆಯ ಬಾಗಿಲು. “ಸತ್ತೆ ಬಿದ್ದಿಲ್ಲ”, “ಕಂದು ಹಾಕಿತು”, “ಮೇವು ಬಿಟ್ಟಿದೆ” ಎಂದು ನಮ್ಮ ಹೆಂಗಸರು ಹೇಳುವ ಮಾತು ಅತ್ತಲಿನವರಿಗೆ ಅರ್ಥವಾಗಬೇಕು. ಊರು ಯಾವುದು, ದಾರಿ ಯಾವುದು, ದನದ ಕಿವಿಯ ಓಲೆಯ ಮೇಲಿನ 12 ಅಂಕಿಗಳು ಯಾವುವು ಎಂಬುದನ್ನು ಬೇಸರಪಡದೆ ಬರೆದುಕೊಳ್ಳಬೇಕು. ಎರಡು ಊರಿನಿಂದ ಒಟ್ಟಿಗೆ ಕರೆ ಬಂದಾಗ ವಾಹನವನ್ನು ಮೊದಲು ಎತ್ತ ತಿರುಗಿಸಬೇಕೆಂಬ ತೀರ್ಮಾನಕ್ಕೂ ಅವರು ಬರೆದುಕೊಂಡ ಮಾತೇ ಆಧಾರ. ದಿನವಿಡೀ ಕಿವಿಗೆ ಯಂತ್ರ ಕಟ್ಟಿಕೊಂಡು ಕೂರುವ ಈ ದುಡಿಮೆಯೂ ಗಿರಣಿಯ ಯಂತ್ರದ ಮುಂದೆ ನಿಲ್ಲುವ ದುಡಿಮೆಯಷ್ಟೇ ಕಠಿಣ.

ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ. ನಮ್ಮ ತಾಲ್ಲೂಕುಗಳಿಂದ ಹತ್ತನೆಯ ತರಗತಿ, ಪಿಯುಸಿ ಮುಗಿಸಿ ಕೆಲಸ ಹುಡುಕಿ ಹೋಗುವ ಹೆಣ್ಣುಮಕ್ಕಳಿಗೆ ಇಂಥ ಮೇಜುಗಳೂ ಒಂದು ದಾರಿ. ನಾಯಿಯನ್ನು ತೂಗುವುದು, ನಾಯಿಗೂ ಬೆಕ್ಕಿಗೂ ಜಗಳವಾಗದಂತೆ ಬೇರೆ ಬೇರೆ ಕೂರಿಸುವುದು, ಲಸಿಕೆಯ ದಿನವನ್ನು ನೆನಪಿಸುವುದು, ಫೋನು, ಬಿಲ್ಲು, ಎಲ್ಲವೂ ಅವರದೇ. ಬಿಲ್ಲಿನ ದರ ಗೊತ್ತುಮಾಡುವವನು ಮಾಲೀಕ, ದರ ಹೆಚ್ಚಾಯಿತೆಂದು ಬೈಸಿಕೊಳ್ಳುವವಳು ಈ ಹುಡುಗಿ. ಸಾಕಿದ ನಾಯಿ ಸತ್ತು ಮನೆಯವರು ಅಳುತ್ತಿರುವಾಗ ಅವರ ಮುಂದೆ ಹಣದ ಚೀಟಿ ಇಡಬೇಕಾದವಳೂ ಅವಳೇ. ಅದಾದ ಮರುಗಳಿಗೆಯಲ್ಲಿ ಹೊಸ ನಾಯಿಮರಿ ಹಿಡಿದು ಬಂದವರನ್ನು ನಗುನಗುತ್ತ ಮಾತಾಡಿಸಬೇಕು. ಹೀಗೆ ಮನಸ್ಸನ್ನು ಗಳಿಗೆಗೊಮ್ಮೆ ಹೊರಳಿಸುವ ಆಯಾಸಕ್ಕೆ ಯಾವ ಹಾಜರಿ ಪುಸ್ತಕದಲ್ಲಿ ಲೆಕ್ಕವಿದೆ?

ಈ ಕೆಲಸದವರಿಗೆ ಸಂಘಟನೆ ಸಾಧ್ಯವೇ ಇಲ್ಲ ಎನ್ನುವವರಿಗೆ ಒಂದು ದೂರದೇಶದ ಸುದ್ದಿ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಾರ್ಡಿಫ್ ಸುತ್ತಮುತ್ತ ವ್ಯಾಲಿ ವೆಟ್ಸ್ ಎಂಬ ಪಶು ಆಸ್ಪತ್ರೆಗಳಿವೆ. ಒಂದು ದೊಡ್ಡ ಕಂಪನಿಯ ಕೈಗೆ ಸೇರಿದ್ದ ಆ ಆಸ್ಪತ್ರೆಗಳಲ್ಲಿ 2024ರ ಜುಲೈ ತಿಂಗಳಲ್ಲಿ ಸಂಬಳದ ಪ್ರಶ್ನೆಯ ಮೇಲೆ ಮುಷ್ಕರ ಹೂಡಿದವರಲ್ಲಿ ಡಾಕ್ಟರಿದ್ದರು, ದಾದಿಯರಿದ್ದರು, ಮೇಜಿನ ಮುಂದೆ ಕೂರುವವರೂ ಇದ್ದರು. ಡಾಕ್ಟರೂ ಬಾಗಿಲಿನವರೂ ಒಂದೇ ಸಾಲಿನಲ್ಲಿ ನಿಂತರು. ನಮ್ಮಲ್ಲಿಯೂ ಡಾಕ್ಟರು, ಪರೀಕ್ಷಕರು, ಆಳುಗಳು ತಮ್ಮ ತಮ್ಮ ಬೇಡಿಕೆಗಳನ್ನು ಬೇರೆ ಬೇರೆ ಹಿಡಿದುಕೊಂಡು ಓಡಾಡುವ ಬದಲು ಒಟ್ಟಿಗೆ ಕೇಳಿದರೆ ಅದಕ್ಕೆ ಬೇರೆಯೇ ಬಲ ಬಂದೀತು.

ಹಾಗಾದರೆ ಕೇಳಬೇಕಾದದ್ದೇನು? ಮೊದಲನೆಯದು, ಪ್ರತಿ ಪಶು ಆಸ್ಪತ್ರೆಯಲ್ಲಿ ನೋಂದಣಿ ಮತ್ತು ವಿಚಾರಣೆಗೆ ಒಂದು ಹುದ್ದೆ ಇರಲಿ, ಅದಕ್ಕೊಂದು ಹೆಸರಿರಲಿ. ಈಗ ಆ ಕೆಲಸವನ್ನು ವರ್ಷಗಟ್ಟಲೆ ಮಾಡಿಕೊಂಡು ಬಂದವರಿಗೇ ಅದು ಮೊದಲು ಸಿಗಲಿ. ಎರಡನೆಯದು, ಕೊನೇಹಳ್ಳಿಯಂಥ ಕಡೆ ಒಂದು ತಿಂಗಳ ತರಬೇತಿ ಕೊಡಲಿ. ಅವರು ಚಿಕಿತ್ಸೆ ಮಾಡಬೇಕಾಗಿಲ್ಲ, ಮಾಡಲೂಬಾರದು. ಯಾವುದು ತುರ್ತು, ಯಾವುದು ಅಂಟುರೋಗ ಎಂದು ಗುರುತಿಸಿ ಡಾಕ್ಟರಿಗೆ ಸರಿಯಾಗಿ ಹೇಳಲು ಬಂದರೆ ಸಾಕು. ಮೂರನೆಯದು, ತಡಮಾಡಲಾಗದ ಲಕ್ಷಣಗಳನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ ಬಾಗಿಲಲ್ಲೇ ಹಾಕಲಿ. ಆಸ್ಪತ್ರೆಯದೇ ಒಂದು ಫೋನು ಇರಲಿ, ಬಡ ನೌಕರನ ಜೇಬಿನದಲ್ಲ. ನಾಲ್ಕನೆಯದು, ದನ ಹಿಡಿಯುವ, ಜೊಲ್ಲು ಒರೆಸುವ ಪ್ರತಿಯೊಬ್ಬರಿಗೂ, ಅವರು ಕಾಯಂ ಇರಲಿ ಗುತ್ತಿಗೆ ಇರಲಿ, ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆ ಹಾಕಿಸಲಿ. ಮೂರು ಸೂಜಿಯ ಮಾತು ಅದು, ಒಂದು ತಿಂಗಳೊಳಗೆ ಮುಗಿಯುತ್ತದೆ. ಐದನೆಯದು, ಖಾಸಗಿಯೇ ಆಗಲಿ ಸರ್ಕಾರಿಯೇ ಆಗಲಿ ನೇಮಕಾತಿ ಪತ್ರ ಮತ್ತು ತಿಂಗಳು ತಪ್ಪದ ಸಂಬಳ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಮೇಲೆ ಕಾರ್ಮಿಕ ಸಂಘಗಳಿಗೆ ಹಲವು ತಕರಾರುಗಳಿವೆ, ಅದು ಬೇರೆ ಚರ್ಚೆ. ಆದರೆ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕೆಂದು ಆ ಸಂಹಿತೆಗಳೇ ಹೇಳುತ್ತವೆ. ಆ ಒಂದು ಮಾತನ್ನಾದರೂ ದನದ ಆಸ್ಪತ್ರೆಯ ಬಾಗಿಲಿನಿಂದ ಆರಂಭಿಸಬಾರದೇಕೆ?

ಇವು ಯಾವುವೂ ಖಜಾನೆ ಬರಿದಾಗುವ ಬೇಡಿಕೆಗಳಲ್ಲ. ಮುಂದಿನ ಗ್ರಾಮಸಭೆಯಲ್ಲಿ, ಹಾಲಿನ ಸಂಘದ ವಾರ್ಷಿಕ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಬಹುದಾದ ಮಾತುಗಳು. ಡೈರಿಗೆ ಹಾಲು ಹಾಕುವ ಕೂಲಿಯವರೂ ಆ ಹಾಲಿನ ದುಡ್ಡನ್ನು ನಂಬಿ ಸಾಲ ಕೊಟ್ಟ ಅಂಗಡಿಯವರೂ ಒಟ್ಟಿಗೆ ಕೇಳಿದರೆ ಅಧಿಕಾರಿಗಳು ಕಿವಿಗೊಡಲೇಬೇಕು. ದನಕ್ಕೆ ಬಾಯಿಲ್ಲ. ಅದರ ಪರವಾಗಿ ಮೊದಲ ಮಾತು ಕೇಳುವವರ ಬಾಯನ್ನೂ ನಾವು ಕಟ್ಟಿಹಾಕಿದ್ದೇವೆ. ನಮಗೆ ಬಾಯಿದೆ, ಕೇಳೋಣ.